ಒಂದು ಗಾಡಿ ಬಿಟ್ಟ ಮಾಸ್ಟ್ರಿಗೆ ಏನು ಹೇಳಲಿ?

ಪ್ರಶ್ನೆ

ನಮಸ್ಕಾರ. ನನ್ನ ಊರು ಕುಂದಾಪುರದ ಹತ್ತಿರ. 1988ರಲ್ಲಿ, ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದು ಫೋರ್ಟಿನ ಒಂದು ಕ್ಯಾಂಟೀನಿಗೆ ಸೇರಿದೆ. ಹಗಲು ಗ್ಲಾಸು ತಟ್ಟೆ ತೊಳೆಯೋದು, ಸಂಜೆ ಕನ್ನಡ ರಾತ್ರಿ ಶಾಲೆ. ಕ್ಲಾಸಿನಲ್ಲಿ ಕೂತ ಹತ್ತು ನಿಮಿಷಕ್ಕೆ ನಿದ್ದೆ ಬರುತ್ತಿತ್ತು. ಲೆಕ್ಕದ ಮಾಸ್ಟ್ರು ನನ್ನನ್ನು ಎಬ್ಬಿಸುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ 'ಬಾ, ಸ್ಟೇಷನ್‌ವರೆಗೆ ನಡಿ' ಅಂತ ಕರೆದುಕೊಂಡು ಹೋಗುತ್ತಿದ್ದರು. ದಾರಿಯಲ್ಲೇ ಅವತ್ತಿನ ಪಾಠ. ಮುಗಿಯದಿದ್ದರೆ ವಿ.ಟಿ. ಸ್ಟೇಷನ್ನಿನ (ಈಗಿನ ಸಿಎಸ್‌ಎಂಟಿ) ಪ್ಲಾಟ್‌ಫಾರ್ಮಿನಲ್ಲಿ ನಿಂತು, ಒಂದು ಗಾಡಿ ಬಿಟ್ಟು, ಮುಂದಿನದಕ್ಕೆ ಹೋಗುತ್ತಿದ್ದರು. ಅವರ ಮನೆ ಆಗಲೂ ಡೊಂಬಿವಲಿ. ಹಗಲು ಬೇರೆ ಕಡೆ ಕೆಲಸ. ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಚಾಕ್‌ಪೀಸಿನಲ್ಲಿ ಚೌಕ ಬರೆದು 'ಎ ಪ್ಲಸ್ ಬಿ ಹೋಲ್ ಸ್ಕ್ವೇರ್' ಹೇಳಿಕೊಟ್ಟಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪ್ರಿಲಿಮ್ ಪರೀಕ್ಷೆಯಲ್ಲಿ ಖಾಲಿ ಪೇಪರ್ ಕೊಟ್ಟಿದ್ದಕ್ಕೆ ಒಮ್ಮೆ ಕೆನ್ನೆಗೂ ಹೊಡೆದಿದ್ದರು.

1992ರಲ್ಲಿ ಎಸ್ಸೆಸ್ಸಿ ಪಾಸಾದೆ. ಆಮೇಲೆ ರಾತ್ರಿ ಕಾಲೇಜು, ಬ್ಯಾಂಕ್ ಕೆಲಸ. ಈಗ ಬೊರಿವಲಿಯಲ್ಲಿ ಮನೆ, ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಅವರನ್ನು ನೋಡಲು ಹೋಗಿಲ್ಲ. ಮೊನ್ನೆ ಗೊತ್ತಾಯಿತು, ಅವರಿಗೆ ಎಂಬತ್ತು ದಾಟಿದೆ, ಮಗನ ಜೊತೆ ಡೊಂಬಿವಲಿಯಲ್ಲೇ ಇದ್ದಾರೆ, ಮರೆವು ಶುರುವಾಗಿದೆಯಂತೆ. ಈಗ ಹೋಗಿ ಏನು ಪ್ರಯೋಜನ? ಹೋದರೆ ಏನು ಹೇಳಲಿ? ಸಂಘದಲ್ಲಿ ಸನ್ಮಾನ ಇಟ್ಟುಕೊಳ್ಳೋಣವೇ? ಒಂದಿಷ್ಟು ದುಡ್ಡು ಕೊಡಲೇ? ಮುಖ ತೋರಿಸಲು ನಾಚಿಕೆಯಾಗುತ್ತಿದೆ.

ಬೊರಿವಲಿಯ ಓದುಗರು

ಉತ್ತರ

ಹೋಗಿ. ಹೋಗಬೇಕೋ ಬೇಡವೋ ಅನ್ನೋ ಮಾತನ್ನು ಇಲ್ಲಿಗೇ ಬಿಟ್ಟುಬಿಡಿ. ಏನು ಹೇಳಬೇಕು, ಹೇಗೆ ಹೇಳಬೇಕು ಅನ್ನೋದನ್ನು ಮಾತ್ರ ಕೂತು ಯೋಚಿಸೋಣ. ಎಡವೋದು ಜಾಸ್ತಿ ಅಲ್ಲೇ.

ನಿಮ್ಮ ಪತ್ರದಲ್ಲಿ ಒಂದು ಮಾತಿನ ಹತ್ತಿರ ನಾನು ನಿಂತುಬಿಟ್ಟೆ. 'ಒಂದು ಗಾಡಿ ಬಿಟ್ಟು' ಅಂತ ಬರೆದಿದ್ದೀರಿ. ಬರೆದು ಹಾಗೇ ಮುಂದೆ ಹೋಗಿದ್ದೀರಿ. ಮುಂಬಯಿಯಲ್ಲಿ ಇರದವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ನಮಗೆ ಗೊತ್ತು. ಡೊಂಬಿವಲಿ ವಿ.ಟಿ.ಯಿಂದ ಸುಮಾರು 48 ಕಿಲೋಮೀಟರ್. ಫಾಸ್ಟ್ ಗಾಡಿ ಸಿಕ್ಕಿದರೂ ಒಂದು ಗಂಟೆಯ ಮೇಲೆ ಬೇಕು. ಬೆಳಿಗ್ಗೆ ಆ ಗಾಡಿಯಲ್ಲೇ ತೂರಿಕೊಂಡು ಬಂದು, ಹಗಲೆಲ್ಲ ಒಂದು ಕಡೆ ದುಡಿದು, ಸಂಜೆ ರಾತ್ರಿ ಶಾಲೆಯಲ್ಲಿ ನಿಂತು ಪಾಠ ಮಾಡಿ, ಒಂಬತ್ತೂವರೆ ಹೊತ್ತಿಗೆ ಶಾಲೆ ಬಿಟ್ಟು, ಹಸಿದುಕೊಂಡು ಸ್ಟೇಷನ್ನಿಗೆ ಬಂದ ಒಬ್ಬ ಮನುಷ್ಯನ ಎದುರಿಗೆ ಗಾಡಿ ನಿಂತಿದೆ. ಕಿಟಕಿ ಪಕ್ಕದ ಸೀಟೂ ಖಾಲಿ ಇದ್ದಿರಬಹುದು. ಹೊರಡುವ ಸ್ಟೇಷನ್ನಿನಲ್ಲಿ ಕೂರಲು ಜಾಗ ಸಿಗೋದು ಅಂದರೇನು ಅಂತ ಸೆಂಟ್ರಲ್ ಲೈನಿನವರನ್ನು ಕೇಳಬೇಕು. ಅವರು ಹತ್ತಲಿಲ್ಲ. ಕ್ಯಾಂಟೀನಿನ ಒಬ್ಬ ಹುಡುಗನಿಗೆ ಆ ಸೂತ್ರದಲ್ಲಿ 'ಎರಡು ಎಬಿ' ಎಲ್ಲಿಂದ ಬಂತು ಅಂತ ಗೊತ್ತಾಗಿಲ್ಲ ಅನ್ನೋ ಕಾರಣಕ್ಕೆ ಹತ್ತಲಿಲ್ಲ. ಮನೆ ಸೇರುವಾಗ ಹನ್ನೊಂದೂವರೆ ಆಗಿರಬೇಕು. ಮನೆಯಲ್ಲಿ ಅವರ ಹೆಂಡತಿ ಅನ್ನ ಬಿಸಿ ಮಾಡಲು ಮತ್ತೆ ಸ್ಟವ್ ಹಚ್ಚಿರಬೇಕು. ಮರುದಿನ ಬೆಳಿಗ್ಗೆ ಮತ್ತೆ ಅದೇ ಗಾಡಿ.

ನೀವು ಅವರಿಗೆ ಹೇಳಬೇಕಾದದ್ದು ಇದನ್ನೇ. 'ನಿಮ್ಮಿಂದ ನನ್ನ ಜೀವನ ಉದ್ಧಾರ ಆಯಿತು' ಅನ್ನೋ ಮಾತನ್ನು ಅಲ್ಲ. ಆ ಮಾತು ಸುಳ್ಳಲ್ಲ, ಆದರೆ ಅದನ್ನು ಯಾರು ಯಾರಿಗೆ ಬೇಕಾದರೂ ಹೇಳಬಹುದು. ಗಾಡಿ ಬಿಟ್ಟ ಮಾತನ್ನು ನೀವೊಬ್ಬರೇ, ಅವರೊಬ್ಬರಿಗೇ ಹೇಳಬಹುದು.

ಇನ್ನೊಂದು ಗೊತ್ತಾ? ಅವರಿಗೆ ಇದು ಗೊತ್ತೇ ಇಲ್ಲದಿರಬಹುದು. ಗಾಡಿ ಬಿಟ್ಟಿದ್ದು ನೆನಪಿರಬಹುದು, ಆದರೆ ಅದೇ ನಿಮ್ಮನ್ನು ಶಾಲೆಯಲ್ಲಿ ಉಳಿಸಿತು ಅನ್ನೋದು ಅವರಿಗೆ ಯಾರು ಹೇಳಬೇಕು? ಮೇಷ್ಟ್ರುಗಳ ಕೆಲಸದಲ್ಲಿ ಇದೊಂದು ದೊಡ್ಡ ಕೊರತೆ. ಅಡುಗೆ ಮಾಡಿದವರಿಗೆ ಉಂಡವರ ಮುಖ ಕಾಣುತ್ತೆ. ಬಟ್ಟೆ ಹೊಲಿದವರಿಗೆ ಅಂಗಿ ಸರಿಯಾಗಿ ಕೂತಿತೋ ಇಲ್ವೋ ಅಂತ ಅವತ್ತೇ ಗೊತ್ತಾಗುತ್ತೆ. ಮಾಸ್ಟ್ರಿಗೆ ಕಾಣೋದು ರಿಸಲ್ಟ್ ಶೀಟ್ ಒಂದೇ, ಆಮೇಲೆ ಹುಡುಗರು ಮಾಯ. ಅವರು ಮಾಡಿದ ಸಾವಿರ ಕೆಲಸದಲ್ಲಿ ಯಾವುದು ಹತ್ತಿತು, ಯಾವುದು ಹತ್ತಲಿಲ್ಲ ಅನ್ನೋದು ಗೊತ್ತಾಗೋದು ವಿದ್ಯಾರ್ಥಿ ವಾಪಸ್ ಬಂದು ಹೇಳಿದಾಗ ಮಾತ್ರ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಇಲ್ಲಿನ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದಲ್ಲ, ಕನ್ನಡವೂ ಅದರಲ್ಲಿ ಒಂದು, ನಾನು ಓದಿದ್ದು ಅಂಥ ಒಂದು ಕನ್ನಡ ಶಾಲೆಯಲ್ಲಿ. ಏಳನೇ ಕ್ಲಾಸಿನಲ್ಲಿ ನಮಗೆ ಕನ್ನಡಕ್ಕೆ ಒಬ್ಬರು ಟೀಚರ್ ಇದ್ದರು. ಪ್ರಬಂಧ ತಿದ್ದುವಾಗ ಕೆಂಪು ಪೆನ್ನಿನಲ್ಲಿ ಒತ್ತು, ದೀರ್ಘ ಎಲ್ಲ ಸರಿ ಮಾಡಿ, ಕೊನೆಗೆ ಎಲ್ಲರಿಗೂ 'ಉತ್ತಮ' ಅಂತಲೋ 'ಸಾಧಾರಣ' ಅಂತಲೋ ಬರೆಯುತ್ತಿದ್ದರು. ನನ್ನ ಪುಸ್ತಕದಲ್ಲಿ ಮಾತ್ರ ಬೇರೆ. 'ನಾನು ಕಂಡ ಜಾತ್ರೆ' ಅಂತ ಬರೆದರೆ ಕೆಳಗೆ 'ಆಮೇಲೆ ಏನಾಯ್ತು?' 'ಮಳೆಗಾಲದ ಒಂದು ದಿನ' ಅಂತ ಬರೆದರೆ ಅಲ್ಲೂ 'ಆಮೇಲೆ ಏನಾಯ್ತು?' ನಾನು ಇನ್ನೊಂದು ಪುಟ ಬರೆದು ತೋರಿಸುತ್ತಿದ್ದೆ. ಮತ್ತೆ ಅದೇ ಪ್ರಶ್ನೆ. ಮನೆಯಲ್ಲಿ ನಾವು ಆರು ಜನ, ಚಾಳಿನ ಒಂದೇ ಖೋಲಿ, ನನ್ನ ಮಾತನ್ನು ಪೂರ್ತಿ ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಈ ಟೀಚರಿಗೆ ಇತ್ತು. ಇವತ್ತು ಆಪ್ತಸಲಹೆಗೆ ಬಂದವರ ಎದುರು ಕೂತು ನಾನು ಮಾಡೋ ಕೆಲಸ ಏನು ಅಂತ ಯಾರಾದರೂ ಕೇಳಿದರೆ, ಆ ಎರಡು ಪದ ಕೇಳೋದು ಅಂತಲೇ ಹೇಳಬೇಕು.

ಅವರನ್ನು ಹುಡುಕಿಕೊಂಡು ಹೋದಾಗ ನನಗೆ ನಲವತ್ತಮೂರು. ಅವರು ಘಾಟ್‌ಕೋಪರಿನಲ್ಲಿ ತಂಗಿಯ ಮನೆಯಲ್ಲಿದ್ದರು. ನನ್ನ ಗುರುತು ಹಿಡಿದರು. ಆದರೆ ಅವರಿಗೆ ನೆನಪಿದ್ದದ್ದು ನಾನು ಪ್ರಾರ್ಥನೆಗೆ ದಿನಾ ತಡವಾಗಿ ಬರುತ್ತಿದ್ದದ್ದು. ಆ ಪ್ರಶ್ನೆಯ ವಿಷಯ ಹೇಳಿದೆ. 'ನಾನು ಹಾಗೆ ಬರೀತಿದ್ನಾ?' ಅಂದರು. ನಂಬಲಿಲ್ಲ. ಮುಂದಿನ ವಾರ ಆ ಪ್ರಬಂಧದ ಪುಸ್ತಕವನ್ನೇ ತೆಗೆದುಕೊಂಡು ಹೋದೆ. ಕನ್ನಡಕ ಹಾಕಿಕೊಂಡು, ಒಂದೊಂದೇ ಪುಟದ ಮೇಲೆ ಬೆರಳಿಟ್ಟುಕೊಂಡು ನೋಡಿದರು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಕಡೆ ಬೆರಳು ನಿಲ್ಲಿಸಿ, 'ಇಲ್ಲಿ ಒಂದು ಒತ್ತು ತಪ್ಪಿದೆ ನೋಡು, ಅವತ್ತು ನಾನು ಗಮನಿಸೇ ಇಲ್ಲ' ಅಂತ ತಂಗಿಯ ಹತ್ತಿರ ಪೆನ್ ಕೇಳಿ ತಿದ್ದಿದರು. ತಿದ್ದುವಾಗ ಕೈ ನಡುಗುತ್ತಿತ್ತು. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಡುತ್ತಾ, 'ಇಪ್ಪತ್ತೆಂಟು ವರ್ಷ ಪಾಠ ಮಾಡಿದೆ ಮಾರಾಯ್ತಿ, ಇದು ಯಾರಿಗೋ ತಲುಪಿತು ಅಂತ ಇವತ್ತು ಗೊತ್ತಾಯ್ತು' ಅಂದರು. ಆ ಮಾತು ಕೇಳಿ ನನಗೆ ಸಂತೋಷಕ್ಕಿಂತ ಜಾಸ್ತಿ ಸಂಕಟವಾಯಿತು. ಇಷ್ಟು ದಿನ ನಾನೊಬ್ಬಳೇ ಇಟ್ಟುಕೊಂಡು ಕೂತಿದ್ದೆನಲ್ಲ ಅಂತ.

ಅದಕ್ಕೇ ಹೇಳಿದ್ದು, ಹೋಗಿ ಅಂತ.

ನಾಚಿಕೆಯ ವಿಷಯಕ್ಕೆ ಬರೋಣ. ನಿಮ್ಮ ಹಾಗೆ ಹೇಳೋರು ನನ್ನ ಹತ್ತಿರ ಬೇಕಾದಷ್ಟು ಜನ ಬರುತ್ತಾರೆ. 'ಇಷ್ಟು ವರ್ಷ ಬರದವನು ಈಗ ಯಾಕೆ ಬಂದ ಅಂದುಕೊಳ್ಳುತ್ತಾರೆ' ಅನ್ನೋ ಅಳುಕು. ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಅನ್ನೋ ಇಬ್ಬರು ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಕೃತಜ್ಞತೆಯ ಪತ್ರ ಬರೆಯೋಕೆ ಜನರಿಗೆ ಹೇಳಿದರು. ಓದಿದವರಿಗೆ ಏನನ್ನಿಸಬಹುದು ಅಂತ ಬರೆದವರನ್ನು ಕೇಳಿದರು. ಆಮೇಲೆ ಓದಿದವರನ್ನೇ ಕೇಳಿದರು. ಬರೆದವರ ಅಂದಾಜು ತಪ್ಪಿತ್ತು. ಓದಿದವರಿಗೆ ಮುಜುಗರ ಆಗುತ್ತೆ ಅಂತ ಬರೆದವರು ಅಂದುಕೊಂಡಷ್ಟು ಮುಜುಗರ ಆಗಿರಲಿಲ್ಲ, ಸಂತೋಷ ಮಾತ್ರ ಅವರು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಆಗಿತ್ತು. ಬರೆದವರ ತಲೆ ತುಂಬಾ 'ಪದ ಸರಿ ಬಿತ್ತಾ, ಚೆನ್ನಾಗಿ ಹೇಳಿದೆನಾ' ಅನ್ನೋ ಚಿಂತೆ. ಓದಿದವರು ನೋಡಿದ್ದು ಪ್ರೀತಿಯನ್ನು. ಹಾಗಾಗಿ ನಿಮ್ಮ ನಾಚಿಕೆಯನ್ನು ನಾನು ಹಗುರ ಮಾಡುತ್ತಿಲ್ಲ, ಅದು ನಿಮಗೆ ನಿಜ. ಆದರೆ ಡೊಂಬಿವಲಿಯ ಆ ಮನೆಯಲ್ಲಿ ಅದು ಇರೋದಿಲ್ಲ.

ಇಷ್ಟು ವರ್ಷ ಯಾಕೆ ಬರಲಿಲ್ಲ ಅಂತ ವಿವರಿಸೋಕೆ ಹೋಗಬೇಡಿ ಕೂಡ. 'ಮೊದಲೇ ಬರಬೇಕಿತ್ತು ಮಾಸ್ಟ್ರೇ' ಅಂತ ಒಂದು ಮಾತು ಹೇಳಿ, ಸಾಕು. ಹತ್ತು ನಿಮಿಷ ಕ್ಷಮೆ ಕೇಳುತ್ತಾ ಕೂತರೆ ಪಾಪ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತೆ.

ಈಗ ಪತ್ರ. ನೀವು ಒಂದು ಪತ್ರ ಬರೆದುಕೊಂಡು ಹೋಗಬೇಕು, ಅದನ್ನು ಅವರ ಎದುರು ಕೂತು ಓದಬೇಕು. ಇದು ನನ್ನ ಕಲ್ಪನೆ ಅಲ್ಲ. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮತ್ತು ಅವರ ಜೊತೆಯವರು 2005ರಲ್ಲಿ ಐದು ಬೇರೆ ಬೇರೆ ಅಭ್ಯಾಸಗಳನ್ನು ಜನರ ಹತ್ತಿರ ಮಾಡಿಸಿ ನೋಡಿದ್ದರು. ಅದರಲ್ಲಿ ಒಂದು, ನಿಮಗೆ ಉಪಕಾರ ಮಾಡಿಯೂ ನಿಮ್ಮಿಂದ ಸರಿಯಾಗಿ ಥ್ಯಾಂಕ್ಸ್ ಹೇಳಿಸಿಕೊಳ್ಳದೇ ಇದ್ದ ಒಬ್ಬರಿಗೆ ಒಂದು ವಾರದೊಳಗೆ ಪತ್ರ ಬರೆದು, ಅದನ್ನು ತಾವೇ ಹೋಗಿ ತಲುಪಿಸೋದು. ಹೋಗಿ ಬಂದವರ ಮನಸ್ಸಿನಲ್ಲಿ ಆದ ಬದಲಾವಣೆ ಆ ಐದರಲ್ಲೇ ದೊಡ್ಡದಾಗಿತ್ತು. ಒಂದು ತಿಂಗಳವರೆಗೂ ಅದು ಉಳಿದಿತ್ತು, ಮೂರು ತಿಂಗಳಿಗೆ ಹೋಗಿಬಿಟ್ಟಿತ್ತು. ಈ ಕೊನೆಯ ಮಾತನ್ನು ಜನ ಸಾಮಾನ್ಯವಾಗಿ ಹೇಳೋದಿಲ್ಲ, ನನಗೆ ಅದೇ ಮುಖ್ಯ ಅನ್ನಿಸುತ್ತೆ. ಅಂದರೆ, ಒಂದು ಸಲ ಹೋಗಿ ಬಂದು ಸಾಲ ತೀರಿತು ಅಂತ ಕೈ ತೊಳೆದುಕೊಳ್ಳೋ ಕೆಲಸ ಅಲ್ಲ ಇದು. ಮೂರು ತಿಂಗಳ ನಂತರ ಮತ್ತೆ ಹೋಗಬೇಕು. ಆಗ ಪತ್ರ ಬೇಡ, ಸುಮ್ನೆ ಹೋಗಿ ಒಂದು ಲೋಟ ಚಹಾ ಕುಡಿದು ಬನ್ನಿ.

ಪತ್ರವನ್ನು ಕನ್ನಡದಲ್ಲೇ ಬರೆಯಿರಿ, ಕೈಯಲ್ಲೇ ಬರೆಯಿರಿ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಬರೆದ ಕೈ, ಮೊದಲ ಎರಡು ಸಾಲಿಗೆ ತಡವರಿಸಬಹುದು, ಪರವಾಗಿಲ್ಲ. ಅಕ್ಷರ ದೊಡ್ಡದಾಗಿರಲಿ. ಒಂದು ಪುಟ, ಜಾಸ್ತಿ ಅಂದರೆ ಒಂದೂವರೆ. ಮೊದಲ ಸಾಲಿನಲ್ಲೇ ನಿಮ್ಮ ಹೆಸರು, ಯಾವ ವರ್ಷ, ಯಾವ ಕ್ಲಾಸು, ಯಾವ ಬೆಂಚಿನ ಹುಡುಗ ಅಂತ ಇರಲಿ. ಆಮೇಲೆ ಆ ದಾರಿ. ಶಾಲೆಯ ಮೆಟ್ಟಿಲಿಳಿದು ನೀವಿಬ್ಬರೂ ಯಾವ ಬೀದಿಯಲ್ಲಿ ತಿರುಗುತ್ತಿದ್ದಿರಿ, ಅವರ ಚೀಲವನ್ನು ನೀವು ಹಿಡಿದುಕೊಳ್ಳುತ್ತಿದ್ದಿರಾ, ರಾತ್ರಿ ಹೊತ್ತು ಫೋರ್ಟ್ ಎಷ್ಟು ಖಾಲಿ ಇರುತ್ತಿತ್ತು, ಪ್ಲಾಟ್‌ಫಾರ್ಮಿನಲ್ಲಿ ಜನ ನಿಮ್ಮಿಬ್ಬರನ್ನು ದಾಟಿಕೊಂಡು ಓಡುವಾಗ ಅವರು ಬಗ್ಗಿ ಕೂತು ಕಲ್ಲಿನ ಮೇಲೆ ಚೌಕ ಎಳೆದದ್ದು. ಆ ಚೌಕ ನನಗೂ ಕಾಣುತ್ತಿದೆ. ಒಂದು ದೊಡ್ಡ ಚೌಕ, ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ. ಮೂಲೆಯಲ್ಲಿ ಎ ಸ್ಕ್ವೇರಿನ ದೊಡ್ಡ ಮನೆ, ಎದುರು ಮೂಲೆಯಲ್ಲಿ ಬಿ ಸ್ಕ್ವೇರಿನ ಸಣ್ಣ ಮನೆ, ಉಳಿದ ಎರಡು ಉದ್ದನೆಯ ಮನೆಗಳು ಎಬಿ, ಎಬಿ. ಬಾಯಿಪಾಠ ಮಾಡಿದ ಸೂತ್ರದಲ್ಲಿ ಸುಮ್ನೆ ಬಂದು ಕೂತಿದ್ದ 'ಎರಡು ಎಬಿ' ಅಲ್ಲಿ ಕಣ್ಣೆದುರು ಇದೆ. ಇದನ್ನು ಕಂಡ ಆ ಗಳಿಗೆಯಲ್ಲಿ ನಿಮಗೆ ಏನನ್ನಿಸಿತು ಅಂತ ಬರೆಯಿರಿ. ಲೆಕ್ಕ ಅಂದರೆ ಓದಿದ ಮನೆತನದವರದ್ದು ಅಂದುಕೊಂಡಿದ್ದ ಹುಡುಗನಿಗೆ ಇದು ನನಗೂ ಅರ್ಥವಾಗೋ ವಿಷಯ ಅನ್ನಿಸಿದ್ದರೆ, ಹಾಗೇ ಬರೆಯಿರಿ. ಆಮೇಲೆ ಆ ಲೆಕ್ಕದಿಂದ ಎಲ್ಲಿಗೆ ಬಂದಿರಿ ಅಂತ ನಾಲ್ಕೇ ಸಾಲು. ಪ್ರಮೋಷನ್, ಫ್ಲಾಟು, ಕಾರು, ಇದೆಲ್ಲ ಬೇಡ. ಮಗಳ ವಿಷಯ ಬರೆಯಿರಿ. ಅವಳಿಗೆ ಲೆಕ್ಕ ಹೇಳಿಕೊಡುವಾಗ ನೀವೂ ಚೌಕ ಎಳೆದಿದ್ದರೆ, ಅದಕ್ಕಿಂತ ದೊಡ್ಡ ಸುದ್ದಿ ಆ ಪತ್ರದಲ್ಲಿ ಇನ್ನೊಂದು ಇರೋದಿಲ್ಲ.

ಹೀಗೆ ಬರೆದ ಒಂದು ಪತ್ರ ಜಗತ್ತಿಗೆಲ್ಲ ಗೊತ್ತಿದೆ. ಫ್ರೆಂಚ್ ಲೇಖಕ ಆಲ್ಬೆರ್ ಕಮೂಗೆ 1957ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂತು. ಅವರು ಆಲ್ಜಿಯರ್ಸ್‌ನ ಬಡ ಮನೆಯ ಹುಡುಗ. ಅಪ್ಪ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡಿದ್ದರು, ಅಮ್ಮ ಬೇರೆಯವರ ಮನೆ ಕಸಮುಸುರೆ ಮಾಡಿ ಸಾಕುತ್ತಿದ್ದರು. ಹುಡುಗ ಬೇಗ ಕೆಲಸಕ್ಕೆ ಸೇರಲಿ ಅಂತಿದ್ದ ಅಜ್ಜಿಯನ್ನು ಒಪ್ಪಿಸಿ, ದುಡ್ಡಿಲ್ಲದೆ ಹೆಚ್ಚಿನ ಪಾಠ ಹೇಳಿ, ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂರಿಸಿದವರು ಪ್ರಾಥಮಿಕ ಶಾಲೆಯ ಮಾಸ್ಟ್ರು ಲೂಯಿ ಜೆರ್ಮೇನ್. ಪ್ರಶಸ್ತಿಯ ಗಲಾಟೆ ಸ್ವಲ್ಪ ತಣ್ಣಗಾದ ಮೇಲೆ, ಅದೇ ವರ್ಷ ನವೆಂಬರ್ 19ರಂದು, ಕಮೂ ಅವರಿಗೆ ಪತ್ರ ಬರೆದರು. ಸುದ್ದಿ ಬಂದಾಗ ಮೊದಲು ಅಮ್ಮನ ನೆನಪಾಯಿತು, ಆಮೇಲೆ ನಿಮ್ಮದು, ಅನ್ನೋ ಅರ್ಥದ ಪತ್ರ. ಚಿಕ್ಕ ಪತ್ರ. ಮಾಸ್ಟ್ರು ಉತ್ತರವನ್ನೂ ಬರೆದರು. ಇಲ್ಲಿ ನನಗೆ ಹಿಡಿಸೋದು ಪ್ರಶಸ್ತಿಯಲ್ಲ. ಮಾಸ್ಟ್ರು ಬದುಕಿರುವಾಗಲೇ ಅದು ಅವರ ಕೈಗೆ ಸೇರಿತಲ್ಲ, ಅದು.

ಇನ್ನು ಕೆನ್ನೆಗೆ ಹೊಡೆದ ವಿಷಯ. ನೀವು ಅದನ್ನು ಬರೆದಿದ್ದೀರಿ ಅಂದರೆ ಅದು ಇನ್ನೂ ಒಳಗೆ ಎಲ್ಲೋ ಇದೆ. ನಮ್ಮಲ್ಲಿ ತುಂಬಾ ಜನ 'ಅವತ್ತು ಮಾಸ್ಟ್ರು ಹೊಡೆದದ್ದಕ್ಕೇ ನಾನು ಮನುಷ್ಯನಾದೆ' ಅಂತ ಹೇಳುತ್ತಾರೆ. ನಾನು ಇದನ್ನು ಒಪ್ಪೋದಿಲ್ಲ. ಹೊಡೆತ ತಿಂದು ಶಾಲೆಯನ್ನೇ ಬಿಟ್ಟವರು ಹೀಗೆ ಬಂದು ಹೇಳೋದಿಲ್ಲ, ಅವರ ಮಾತು ನಮಗೆ ಕೇಳಿಸೋದೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡೋದನ್ನು ನಿಷೇಧಿಸಿದೆ, ಸರಿಯಾಗೇ ಮಾಡಿದೆ. ನಿಮ್ಮನ್ನು ಉಳಿಸಿದ್ದು ಆ ಏಟಲ್ಲ. ಏಟಿಗೆ ಮೊದಲೂ ಆಮೇಲೂ ಆ ಮನುಷ್ಯ ನಿಮ್ಮ ಜೊತೆ ಸ್ಟೇಷನ್‌ವರೆಗೆ ನಡೆದರಲ್ಲ, ಅದು.

ಇದರ ಬಗ್ಗೆ ಒಂದು ಒಳ್ಳೆಯ ಪ್ರಯೋಗ ಇದೆ. ಡೇವಿಡ್ ಯೇಗರ್ ಮತ್ತು ಅವರ ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಏಳನೇ ಕ್ಲಾಸಿನ ಮಕ್ಕಳು ತಮ್ಮ ಮೆಚ್ಚಿನ ವ್ಯಕ್ತಿಯ ಬಗ್ಗೆ ಪ್ರಬಂಧ ಬರೆದರು. ಟೀಚರುಗಳು ಎಂದಿನ ಹಾಗೆ ತಪ್ಪು ತೋರಿಸಿ ತಿದ್ದಿದರು. ಕೆಲವರ ಪುಸ್ತಕಕ್ಕೆ ಒಂದು ಚೀಟಿ ಅಂಟಿಸಿದ್ದರು. ನಿನ್ನ ಮೇಲೆ ನನಗೆ ದೊಡ್ಡ ನಿರೀಕ್ಷೆ ಇದೆ, ನೀನು ಅದನ್ನು ಮುಟ್ಟಬಲ್ಲೆ ಅಂತ ಗೊತ್ತು, ಅದಕ್ಕೇ ಇಷ್ಟು ತಿದ್ದಿದ್ದೇನೆ, ಅನ್ನೋ ಅರ್ಥದ ಒಂದೇ ಮಾತು. ಉಳಿದವರಿಗೆ ಸಪ್ಪೆ ಚೀಟಿ. ನಿರೀಕ್ಷೆಯ ಚೀಟಿ ಸಿಕ್ಕ ಮಕ್ಕಳಲ್ಲಿ ಪ್ರಬಂಧವನ್ನು ಮತ್ತೆ ಬರೆದು ತಂದವರು ಜಾಸ್ತಿ. ಅದರಲ್ಲೂ ಶಾಲೆಯ ಮೇಲೆ ನಂಬಿಕೆ ಕಳೆದುಕೊಂಡಿದ್ದ ಕಪ್ಪು ಮಕ್ಕಳಲ್ಲಿ ಈ ವ್ಯತ್ಯಾಸ ಎಲ್ಲಕ್ಕಿಂತ ದೊಡ್ಡದಾಗಿತ್ತು. ಈ ಶಾಲೆ ನನ್ನಂಥವರಿಗಲ್ಲ ಅಂದುಕೊಂಡ ಮಗುವಿಗೇ ಅಂಥ ಮಾತು ಜಾಸ್ತಿ ಹತ್ತುತ್ತೆ. ನಿಮ್ಮ ಮಾಸ್ಟ್ರು ಚೀಟಿ ಬರೆಯಲಿಲ್ಲ, ಗಾಡಿ ಬಿಟ್ಟರು. ಎರಡರ ಅರ್ಥ ಒಂದೇ.

ಹಾಗಾಗಿ ಪತ್ರದಲ್ಲಿ ಏಟಿಗೆ ಥ್ಯಾಂಕ್ಸ್ ಬೇಡ, ದೂರೂ ಬೇಡ. ಅವರಾಗಿಯೇ ಆ ವಿಷಯ ಎತ್ತಿ ಬೇಜಾರು ಮಾಡಿಕೊಂಡರೆ, ಮೇಷ್ಟ್ರುಗಳು ಎತ್ತುತ್ತಾರೆ, ಅವರಿಗೂ ಅದು ಚುಚ್ಚುತ್ತಿರುತ್ತೆ, ಆಗ 'ನೋವಾಗಿತ್ತು ಮಾಸ್ಟ್ರೇ, ಆದರೆ ಮರುದಿನವೂ ನೀವು ನನ್ನನ್ನು ಕರೆದಿರಿ' ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ನಿಮ್ಮಂಥ ಕಥೆ ಈ ಊರಿನಲ್ಲಿ ಒಂದೆರಡಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಹೀಗೆ ಇಲ್ಲಿನ ಎಷ್ಟೋ ಸಂಸ್ಥೆಗಳು ರಾತ್ರಿ ಶಾಲೆ ನಡೆಸಿದವು. ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗರು ಅಲ್ಲಿ ಓದಿ ವಕೀಲರಾದರು, ಲೆಕ್ಕಪರಿಶೋಧಕರಾದರು, ನಿಮ್ಮ ಹಾಗೆ ಬ್ಯಾಂಕ್ ಸೇರಿದರು, ಕೆಲವರು ತಾವು ಒರೆಸಿದಂಥ ಹೋಟೆಲುಗಳಿಗೇ ಮಾಲೀಕರಾದರು. ಕಟ್ಟಡ ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿದೆ. ಪಾಠ ಮಾಡಿದವರ ಹೆಸರು ಹುಡುಗರ ನೆನಪಿನಲ್ಲಿ ಮಾತ್ರ ಇದೆ, ಆ ಹುಡುಗರಿಗೂ ಈಗ ಐವತ್ತು ಅರವತ್ತು. ಇದನ್ನು ಯಾರಾದರೂ ಬರೆದಿಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ನಿಮ್ಮ ಪತ್ರದ ಒಂದು ನಕಲು ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಮರೆವಿನ ಬಗ್ಗೆ ಕೇಳಿದ್ದೀರಿ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅವರು ನಿಮ್ಮನ್ನು ಗುರುತು ಹಿಡಿಯದಿರಬಹುದು. ಗುರುತು ಹಿಡಿದು, ನೀವು ಬಾಗಿಲು ದಾಟುವ ಮೊದಲೇ ಮರೆಯಬಹುದು. ಆದರೂ ಹೋಗಬೇಕು ಅಂತ ನಾನು ಹೇಳೋದಕ್ಕೆ ಕಾರಣ ಇದೆ. ಐಯೋವಾ ವಿಶ್ವವಿದ್ಯಾಲಯದ ಜಸ್ಟಿನ್ ಫೈನ್‌ಸ್ಟೀನ್ ಮತ್ತು ಜೊತೆಯವರು 2010ರಲ್ಲಿ, ಹೊಸ ನೆನಪು ಉಳಿಯದೇ ಇರುವ ರೋಗಿಗಳಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ಏನು ನೋಡಿದೆವು ಅನ್ನೋದು ಅವರಿಗೆ ಮರೆತುಹೋಗಿತ್ತು. ನೋಡಿದಾಗ ಬಂದ ದುಃಖ, ಸಂತೋಷ ಮಾತ್ರ ಇನ್ನೂ ಉಳಿದಿತ್ತು. 2014ರಲ್ಲಿ ಅದೇ ವಿಶ್ವವಿದ್ಯಾಲಯದವರು ಅಲ್ಜೈಮರ್ ಇರುವವರಲ್ಲೂ ಇದನ್ನೇ ಕಂಡರು. ನೆನಪು ಹೋದ ಮೇಲೂ ಭಾವ ನಿಲ್ಲುತ್ತೆ. ನೀವು ಹೋಗಿ ಬಂದದ್ದು ಮಾಸ್ಟ್ರಿಗೆ ಸಂಜೆಗೆ ನೆನಪಿಲ್ಲದೇ ಹೋದರೂ, ಅವತ್ತು ಅವರು ಹಗುರವಾಗಿ ಊಟ ಮಾಡಬಹುದು. ಅದು ಸಣ್ಣ ವಿಷಯ ಅಲ್ವೇ ಅಲ್ಲ. ಅವರ ಮಗ ಸೊಸೆಗೂ ಇದು ಬೇಕು. ದಿನಾ ಮಾತ್ರೆ, ಸ್ನಾನ, ಹಟ ಇಷ್ಟನ್ನೇ ನೋಡುತ್ತಿರುವ ಮನೆಯವರಿಗೆ, ಈ ಮನುಷ್ಯ ಫೋರ್ಟಿನ ಬೀದಿಯಲ್ಲಿ ಏನು ಮಾಡುತ್ತಿದ್ದರು ಅಂತ ಹೊರಗಿನವರೊಬ್ಬರು ಬಂದು ಹೇಳಬೇಕು. ಆ ಮಗನಿಗೆ ಅಪ್ಪ ರಾತ್ರಿ ತಡವಾಗಿ ಬರುತ್ತಿದ್ದದ್ದು ಮಾತ್ರ ಗೊತ್ತಿರಬಹುದು, ಯಾಕೆ ಅಂತ ಗೊತ್ತಿರಲಿಕ್ಕಿಲ್ಲ.

ಒಂದೇ ಒಂದು ಎಚ್ಚರ. 'ನನ್ನ ನೆನಪಿದೆಯಾ ಮಾಸ್ಟ್ರೇ?' ಅಂತ ಕೇಳಲೇಬೇಡಿ. ಮರೆವಿರುವವರಿಗೆ ಅದು ಪರೀಕ್ಷೆ ಕೊಟ್ಟ ಹಾಗೆ. ಉತ್ತರ ಹೊಳೆಯದಿದ್ದರೆ ಗಾಬರಿಯಾಗುತ್ತಾರೆ, ಅವಮಾನ ಅನ್ನಿಸುತ್ತೆ. ಕಾಲಿಗೆ ನಮಸ್ಕಾರ ಮಾಡಿ, ಹತ್ತಿರ ಕೂತು, ಕಣ್ಣಿಗೆ ಕಾಣುವ ಹಾಗೆ ಎದುರಿಗೇ ಕೂತು, ನೀವೇ ಹೇಳಿಬಿಡಿ, ನಾನು ಇಂಥವನು, ಇಂಥ ವರ್ಷ, ನಿಮ್ಮ ರಾತ್ರಿ ಶಾಲೆಯ ಹುಡುಗ. ಅವರು ತಪ್ಪು ಹೆಸರಿನಿಂದ ಕರೆದರೆ ಒಂದು ಸಲ ಸರಿ ಮಾಡಿ, ಎರಡನೇ ಸಲ ಬಿಟ್ಟುಬಿಡಿ. ಇನ್ನೊಬ್ಬ ಹುಡುಗನ ಕಥೆಯನ್ನು ನಿಮ್ಮದೆಂದು ಹೇಳಿದರೆ ಅದನ್ನೂ ಕೇಳಿ. ಆ ಹುಡುಗನೂ ಎಲ್ಲೋ ಇದ್ದಾನಲ್ಲ.

ಸನ್ಮಾನಕ್ಕೆ ಬರೋಣ. ಶಾಲು, ಹಾರ, ಹಣ್ಣಿನ ಬುಟ್ಟಿ, ಸನ್ಮಾನ ಪತ್ರ, ಇದು ನಮ್ಮ ಮುಂಬಯಿ ಕನ್ನಡಿಗರು ಪ್ರೀತಿಯಿಂದ ಮಾಡಿಕೊಂಡು ಬಂದ ಸಂಪ್ರದಾಯ, ನನಗೆ ಅದರ ಮೇಲೆ ಗೌರವವಿದೆ. ಹತ್ತು ಜನರ ಎದುರು ಮಾಸ್ಟ್ರ ಹೆಸರು ಹೇಳಬೇಕು, ಹೇಳಿದರೆ ಒಳ್ಳೆಯದೇ. ಆದರೆ ಎಂಬತ್ತು ದಾಟಿದ, ಮರೆವು ಶುರುವಾದ ಒಬ್ಬರನ್ನು ಡೊಂಬಿವಲಿಯಿಂದ ಮಾಟುಂಗಕ್ಕೋ ಮಾಹಿಮಿಗೋ ಕರೆತಂದು, ಮೈಕು, ಬೆಳಕು, ಗದ್ದಲದ ನಡುವೆ ಮೂರು ಗಂಟೆ ಕೂರಿಸೋದು ಅವರಿಗೆ ಸುಸ್ತು. ಮೊದಲು ನೀವು ಒಬ್ಬರೇ ಹೋಗಿ ಬನ್ನಿ, ಬೇಕಿದ್ದರೆ ಮಗಳನ್ನು ಕರೆದುಕೊಂಡು ಹೋಗಿ. ಆಮೇಲೆ ಮನೆಯವರು ಹೂಂ ಅಂದರೆ, ನಿಮ್ಮ ಬ್ಯಾಚಿನ ನಾಲ್ಕೈದು ಜನ ಸೇರಿ ಅವರ ಮನೆಯಲ್ಲೇ ಶಾಲು ಹೊದಿಸಿ. ಸೆಪ್ಟೆಂಬರ್ 5ಕ್ಕಾಗಿ ಕಾಯಬೇಡಿ. ನಾವು 1962ರಿಂದ ಆಚರಿಸುತ್ತಿರುವ ಆ ದಿನ ರಾಧಾಕೃಷ್ಣನ್ ಅವರ ಹುಟ್ಟಿದ ದಿನ. ಅವರಿಗೇ ಅವರ ವಿದ್ಯಾರ್ಥಿಗಳು ಪ್ರೀತಿ ತೋರಿಸಿದ್ದು ಯಾವ ದಿನಾಚರಣೆಗೂ ಕಾಯದೆ. 1921ರಲ್ಲಿ ಅವರು ಮೈಸೂರು ಬಿಟ್ಟು ಕಲ್ಕತ್ತಾಕ್ಕೆ ಹೊರಟಾಗ ಹುಡುಗರು ಹೂವಿನಿಂದ ಸಿಂಗರಿಸಿದ ಗಾಡಿಯನ್ನು ತಾವೇ ಎಳೆದುಕೊಂಡು ರೈಲ್ವೇ ಸ್ಟೇಷನ್ನಿಗೆ ಹೋಗಿ ಬೀಳ್ಕೊಟ್ಟರು.

ದುಡ್ಡು? ಮೊದಲ ಭೇಟಿಯಲ್ಲಿ ಬೇಡ. ಕವರ್ ಕೈಗಿಟ್ಟ ತಕ್ಷಣ ಅವರು ಬಿಟ್ಟ 'ಗಾಡಿ'ಗೆ ಬೆಲೆ ಕಟ್ಟಿದ ಹಾಗಾಗುತ್ತೆ, ಅವರಿಗೂ ನೋವಾಗುತ್ತೆ. ಹಣ್ಣು, ಹೂವು ಒಯ್ಯಿರಿ. ಊರಿನಿಂದ ಯಾರಾದರೂ ಬರುತ್ತಿದ್ದರೆ ಒಂದಿಷ್ಟು ಹಪ್ಪಳ ತರಿಸಿ. ಔಷಧಿಗೆ, ಆರೈಕೆಗೆ ನಿಜವಾಗಿ ಕಷ್ಟವಿದೆ ಅಂತ ಗೊತ್ತಾದರೆ, ಅದನ್ನು ಅವರ ಮಗನ ಹತ್ತಿರ ಬೇರೆಯಾಗಿ, ಮೆಲ್ಲಗೆ ಮಾತಾಡಿ.

ಇವತ್ತು ರಾತ್ರಿಯೇ ಅವರ ಮಗನಿಗೆ ಫೋನ್ ಮಾಡಿ, ಯಾವ ಹೊತ್ತಿಗೆ ಬಂದರೆ ಅನುಕೂಲ ಅಂತ ಕೇಳಿ. ಮರೆವಿರುವವರು ಸಾಮಾನ್ಯವಾಗಿ ಬೆಳಿಗ್ಗೆ ಚುರುಕಾಗಿರುತ್ತಾರೆ, ಸಂಜೆಯಾಗುತ್ತಾ ಗೊಂದಲ ಜಾಸ್ತಿಯಾಗುತ್ತೆ, ಹಾಗಾಗಿ ತಿಂಡಿ ಮುಗಿಸಿ ಕೂತಿರುವ ಹೊತ್ತಿಗೆ ಹೋಗಿ. ಭಾನುವಾರ ಹೊರಡೋದಾದರೆ ದಾದರಿನಲ್ಲಿ ಗಾಡಿ ಬದಲಿಸುವ ಮೊದಲು ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಗಾಡಿ ನಿಲ್ಲಿಸೋದು) ಇದೆಯಾ ನೋಡಿಕೊಳ್ಳಿ. ಜೇಬಿನಲ್ಲಿ ಒಂದು ಚಾಕ್‌ಪೀಸ್ ಇರಲಿ, ಜೊತೆಗೆ ಮಕ್ಕಳ ಒಂದು ಸಣ್ಣ ಸ್ಲೇಟು. ಹೊಸ ನೆನಪು ಜಾರಿದ ಮೇಲೂ, ವರ್ಷಾನುಗಟ್ಟಲೆ ಕೈಯಲ್ಲಿ ಮಾಡಿದ ಕೆಲಸ ಎಷ್ಟೋ ದಿನ ಉಳಿಯುತ್ತೆ. ಪತ್ರ ಓದಿ ಮುಗಿದ ಮೇಲೆ ಸ್ಲೇಟನ್ನು ಅವರ ತೊಡೆಯ ಮೇಲಿಟ್ಟು ಕೇಳಿ, 'ಎರಡು ಎಬಿ ಎಲ್ಲಿಂದ ಬಂತು ಮಾಸ್ಟ್ರೇ, ಇನ್ನೊಂದು ಸಲ ತೋರಿಸಿ.'